ನ್ಯೂಯಾರ್ಕ್ ಬಿಟ್ಟು ಕ್ಲೀವ್‌ಲ್ಯಾಂಡ್‌ಗೆ: ಹೋಗಲೇ, ಬೇಡವೇ?

ಪ್ರಶ್ನೆ

ನಾನು ಮೈಸೂರಿನವಳು. ಮದುವೆಯಾಗಿ ನ್ಯೂಯಾರ್ಕಿಗೆ ಬಂದು ಹದಿಮೂರು ವರ್ಷವಾಯಿತು. ಅಂದಿನಿಂದ ಕ್ವೀನ್ಸ್‌ನ ಜ್ಯಾಕ್ಸನ್ ಹೈಟ್ಸ್‌ನಲ್ಲೇ ಇದ್ದೇವೆ. ಮನೆ ಚಿಕ್ಕದು, ಬಾಡಿಗೆ ಜಾಸ್ತಿ. ಆದರೆ ಮೆಟ್ಟಿಲಿಳಿದರೆ ಎಪ್ಪತ್ತನಾಲ್ಕನೇ ಬೀದಿಯ ಅಂಗಡಿಗಳಲ್ಲಿ ಕರಿಬೇವು, ನುಗ್ಗೆಕಾಯಿ, ರಾಗಿಹಿಟ್ಟು ಎಲ್ಲಾ ಸಿಗುತ್ತದೆ. ಏಳನೇ ನಂಬರ್ ರೈಲು ಹತ್ತಿದರೆ ಮ್ಯಾನ್‌ಹ್ಯಾಟನ್‌ನ ನನ್ನ ಆಫೀಸು. ಅಲ್ಲಿ ಸಣ್ಣ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಶನಿವಾರ ಫ್ಲಶಿಂಗ್‌ನ ಗಣೇಶನ ಗುಡಿ, ಅಲ್ಲಿಯ ಕ್ಯಾಂಟೀನಿನ ದೋಸೆ. ಪಕ್ಕದ ಮನೆಯ ಬಾಂಗ್ಲಾ ಅಕ್ಕ ನನ್ನ ಬಾಣಂತನದಲ್ಲಿ ಒಡಹುಟ್ಟಿದವರಿಗಿಂತ ಹೆಚ್ಚಾಗಿ ನೋಡಿಕೊಂಡರು.

ಈಗ ನಮ್ಮ ಯಜಮಾನರಿಗೆ ಕ್ಲೀವ್‌ಲ್ಯಾಂಡ್‌ನ ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಅಲ್ಲಾದರೆ ಸ್ವಂತ ಮನೆ ಕೊಳ್ಳಬಹುದು, ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ ಎನ್ನುತ್ತಾರೆ. ನನ್ನನ್ನೂ ಕೇಳಿದರು, ನಿಜ. ಆದರೆ ಕೇಳುವ ಹೊತ್ತಿಗೆ ಅವರ ಮನಸ್ಸು ಆಗಲೇ ಅಲ್ಲಿಗೆ ಹೋಗಿಬಿಟ್ಟಿತ್ತು. ಗೆಳತಿಯರು “ಅದು ಸತ್ತ ಊರು, ನದಿಗೇ ಬೆಂಕಿ ಬಿದ್ದಿತ್ತಂತೆ” ಎಂದು ಹೆದರಿಸುತ್ತಾರೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಹನ್ನೊಂದು ವರ್ಷದ ಮಗಳು “ನೀವು ಬೇಕಾದರೆ ಹೋಗಿ, ನಾನು ಬರಲ್ಲ” ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ.

ಮದುವೆಗೆ ಮುಂಚೆ ಸಂಗೀತದಲ್ಲಿ ಸೀನಿಯರ್ ಪಾಸು ಮಾಡಿದ್ದೆ. ವಿದ್ವತ್ತಿಗೆ ಕಟ್ಟಬೇಕು ಅನ್ನುವಷ್ಟರಲ್ಲಿ ಇಲ್ಲಿಗೆ ಬಂದೆ. ಈ ಊರನ್ನು ನನ್ನದು ಮಾಡಿಕೊಳ್ಳಲು ಎಷ್ಟೋ ವರ್ಷ ಹಿಡಿಯಿತು. ಮತ್ತೆ ಮೊದಲಿನಿಂದ ಶುರುಮಾಡುವ ತಾಕತ್ತು ನನ್ನಲ್ಲಿಲ್ಲ ಅನ್ನಿಸುತ್ತದೆ. ಅವರೊಬ್ಬರನ್ನೇ ಕಳಿಸಲೇ? ಬೇಡ ಎಂದರೆ ನಾನು ಸ್ವಾರ್ಥಿಯೇ?

— ಹೆಸರು ಬೇಡ, ಕ್ವೀನ್ಸ್, ನ್ಯೂಯಾರ್ಕ್

ಉತ್ತರ

ಪ್ರಿಯ ಸೋದರಿ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಸ್ವಾರ್ಥಿಯಲ್ಲ. ಮನೆಯ ಮೂವರ ಬದುಕು ಬದಲಾಗುವಾಗ ಅದರಲ್ಲಿ ಒಬ್ಬರಾದ ನೀವು “ನನ್ನ ಗತಿ ಏನು?” ಎಂದು ಕೇಳುವುದು ಸರಿಯಾದ ಪ್ರಶ್ನೆ. ಈಗ ಕೇಳದೆ ನುಂಗಿಕೊಂಡರೆ ಅದು ಅಲ್ಲಿಗೆ ಹೋದ ಮೇಲೆ ಸಾರಿನ ಉಪ್ಪಿನ ವಿಷಯಕ್ಕೋ ಹೀಟರ್ ಬಿಲ್ಲಿನ ವಿಷಯಕ್ಕೋ ಜಗಳವಾಗಿ ಹೊರಗೆ ಬರುತ್ತದೆ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಟೈಮ್ಸ್ ಸ್ಕ್ವೇರ್ ಇಲ್ಲ, ಗಗನಚುಂಬಿ ಕಟ್ಟಡಗಳಿಲ್ಲ. ಇರುವುದು ಕರಿಬೇವಿನ ಅಂಗಡಿ, ರೈಲು, ಗುಡಿ, ಪಕ್ಕದ ಮನೆಯ ಅಕ್ಕ. ಅಂದರೆ ನೀವು ಪ್ರೀತಿಸುವುದು ನ್ಯೂಯಾರ್ಕಿನ ಗಾತ್ರವನ್ನಲ್ಲ. ಯಾರ ಹಂಗೂ ಇಲ್ಲದೆ ನಿಮ್ಮ ಕಾಲ ಮೇಲೆ ನಡೆದುಹೋಗಿ ನಾಲ್ಕು ಜನರ ಮುಖ ನೋಡಿ ಬರಬಹುದು ಎಂಬ ಸೌಕರ್ಯವನ್ನು ನೀವು ಪ್ರೀತಿಸುತ್ತೀರಿ. ಮಹಾನಗರ ಇದನ್ನು ನೀವು ಕೇಳದೆಯೇ ಕೊಡುತ್ತದೆ. ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಜನ ಇರುತ್ತಾರೆ. ಕ್ಲೀವ್‌ಲ್ಯಾಂಡ್‌ನಂಥ ಹಳೆಯ, ನಡುಗಾತ್ರದ ಊರಿನಲ್ಲಿ ಇವೆಲ್ಲ ಇಲ್ಲವೆಂದಲ್ಲ. ಆದರೆ ಹುಡುಕಿಕೊಂಡು ಹೋಗಬೇಕು, ಕೇಳಬೇಕು, ಹೆಸರು ಕೊಟ್ಟು ಸೇರಿಕೊಳ್ಳಬೇಕು. ಅದಕ್ಕೇ ಹೋಗುವ ಮೊದಲೇ ಕೆಲವು ಏರ್ಪಾಡು ಮಾಡಿಕೊಳ್ಳಬೇಕು. ನನ್ನ ಸಲಹೆಯೆಲ್ಲ ಆ ಏರ್ಪಾಡುಗಳ ಬಗ್ಗೆ.

ಸತ್ತ ಊರಲ್ಲ, ಜನ ಕಡಿಮೆಯಾದ ಊರು

ಮೊದಲು ಗೆಳತಿಯರ ಮಾತು. ಕ್ಲೀವ್‌ಲ್ಯಾಂಡ್‌ನ ಕುಯಾಹೋಗಾ ನದಿಗೆ ಬೆಂಕಿ ಬಿದ್ದದ್ದು ನಿಜ, 1969ರ ಜೂನ್‌ನಲ್ಲಿ. ಕಾರ್ಖಾನೆಗಳ ಎಣ್ಣೆ, ಕಸ ನೀರಿನ ಮೇಲೆ ತೇಲುತ್ತಿತ್ತು. ಅದು ಹೊತ್ತಿಕೊಂಡು ಅರ್ಧ ಗಂಟೆಯೊಳಗೆ ಆರಿತು. ಆ ನದಿಗೆ ಅದಕ್ಕೂ ಮುಂಚೆ ಎಷ್ಟೋ ಸಲ ಬೆಂಕಿ ಬಿದ್ದಿತ್ತು. ಈ ಸಲ ಮಾತ್ರ ಮೇಯರ್ ಕಾರ್ಲ್ ಸ್ಟೋಕ್ಸ್ ಮರುದಿನವೇ ಪತ್ರಕರ್ತರನ್ನು ನದಿಯ ದಂಡೆಗೆ ಕರೆದುಕೊಂಡು ಹೋಗಿ ತೋರಿಸಿದರು. 1967ರಲ್ಲಿ ಗೆದ್ದ ಸ್ಟೋಕ್ಸ್, ಅಮೆರಿಕದ ದೊಡ್ಡ ನಗರವೊಂದಕ್ಕೆ ಚುನಾಯಿತರಾದ ಮೊದಲ ಕಪ್ಪು ಮೇಯರ್. ನದಿಗೆ ಬೆಂಕಿ ಬಿದ್ದ ಸುದ್ದಿ ದೇಶವನ್ನು ಕಲಕಿತು. 1970ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ, 1972ರಲ್ಲಿ ಶುದ್ಧ ನೀರಿನ ಕಾಯ್ದೆ ಬಂದವು. ಅವುಗಳ ಹಿಂದಿನ ಜನಾಭಿಪ್ರಾಯದಲ್ಲಿ ಆ ಬೆಂಕಿಯ ಪಾಲೂ ಇತ್ತು. ಇವತ್ತು ಅದೇ ನದಿಯಲ್ಲಿ ಮೀನು ಹಿಡಿಯುತ್ತಾರೆ, ದೋಣಿ ನಡೆಸುತ್ತಾರೆ.

ನೀವು ತಿಳಿದಿರಬೇಕಾದ ಸಂಗತಿ ಬೇರೆಯದು. 1950ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಜನಸಂಖ್ಯೆ ಸುಮಾರು 9,14,000. 2020ರಲ್ಲಿ ಸುಮಾರು 3,72,000. ಕಾರ್ಖಾನೆಗಳು ಮುಚ್ಚಿದವು, ಅನುಕೂಲವಿದ್ದವರು ಸುತ್ತಲಿನ ಉಪನಗರಗಳಿಗೆ ಹೋದರು. ಉಪನಗರಗಳನ್ನೂ ಸೇರಿಸಿದರೆ ಈಗಲೂ ಇಪ್ಪತ್ತು ಲಕ್ಷ ಜನರ ಪ್ರದೇಶವೇ. ಆದರೆ ನಡು ಊರು ಒಂಬತ್ತು ಲಕ್ಷ ಜನರಿಗಾಗಿ ಕಟ್ಟಿದ್ದು, ಈಗ ಅದರಲ್ಲಿ ನಾಲ್ಕು ಲಕ್ಷವೂ ಇಲ್ಲ.

ಆ ಊರಿನ ಒಳ್ಳೆಯದು ಕೆಟ್ಟದ್ದು ಎರಡೂ ಈ ಒಂದು ಕಾರಣದಿಂದಲೇ ಬಂದಿವೆ. ರಾಕ್‌ಫೆಲರ್ 1870ರಲ್ಲಿ ತನ್ನ ಎಣ್ಣೆ ಕಂಪನಿಯನ್ನು ಶುರುಮಾಡಿದ್ದು ಅಲ್ಲಿಯೇ. ಎಣ್ಣೆ, ಉಕ್ಕಿನ ಕಾಲದ ದುಡ್ಡಿನಲ್ಲಿ ಕಟ್ಟಿದ ಸಂಸ್ಥೆಗಳು ಹಾಗೆಯೇ ನಿಂತಿವೆ. 1916ರಲ್ಲಿ ತೆರೆದ ಕಲಾ ವಸ್ತುಸಂಗ್ರಹಾಲಯಕ್ಕೆ ಇವತ್ತಿಗೂ ಪ್ರವೇಶ ಉಚಿತ, ನಮ್ಮ ಚೋಳರ ಕಂಚಿನ ನಟರಾಜನೂ ಅಲ್ಲಿದ್ದಾನೆ. 1918ರಲ್ಲಿ ಶುರುವಾದ ಆರ್ಕೆಸ್ಟ್ರಾ ಜಗತ್ತಿನ ಶ್ರೇಷ್ಠ ವಾದ್ಯವೃಂದಗಳ ಸಾಲಿನಲ್ಲಿದೆ. ಮೆಟ್ರೋಪಾರ್ಕ್ಸ್ ಎಂಬ ಕಾಡು-ಉದ್ಯಾನಗಳ ಸರಣಿ ಇಡೀ ಊರನ್ನು ಸುತ್ತುವರಿದಿದೆ. ನ್ಯೂಯಾರ್ಕಿನಲ್ಲಿ ಕ್ಯೂ ನಿಂತು ನೋಡುವಂಥದ್ದನ್ನು ಇಲ್ಲಿ ಒಂದು ಭಾನುವಾರ ಮಧ್ಯಾಹ್ನ ಮಗಳ ಕೈಹಿಡಿದು ನಿಧಾನವಾಗಿ ನೋಡಿ ಬರಬಹುದು.

ಅದೇ ಕಾರಣಕ್ಕೆ ಕಷ್ಟಗಳೂ ಇವೆ. ಕೆಲವು ಬೀದಿಗಳಲ್ಲಿ ಮನೆಗಳ ನಡುವೆ ಖಾಲಿ ಜಾಗ, ಹಲಗೆ ಹೊಡೆದ ಕಿಟಕಿಗಳು. ಜನ ಕಡಿಮೆಯಾದ್ದರಿಂದ ಬಸ್ಸು ರೈಲುಗಳೂ ಕಡಿಮೆ. ರಸ್ತೆ, ಚರಂಡಿ, ಶಾಲೆಗಳ ಖರ್ಚನ್ನು ಹೊರುವ ತೆರಿಗೆದಾರರೂ ಕಡಿಮೆ. ಚೆಂದದ ಹಳೆಯ ಮನೆ ಅಗ್ಗಕ್ಕೆ ಸಿಗುತ್ತದೆ ಎಂದು ನಿಮ್ಮ ಯಜಮಾನರು ಹೇಳುವುದು ಸುಳ್ಳಲ್ಲ. ಅದು ಯಾಕೆ ಅಗ್ಗ ಎಂಬುದನ್ನು ಇಬ್ಬರೂ ತಿಳಿದುಕೊಂಡು ಹೋಗಬೇಕು, ಅಷ್ಟೆ.

ಇನ್ನು ಹವೆ. ಚಳಿ ನಿಮಗೆ ಹೊಸದಲ್ಲ. ಹೊಸದಾಗುವುದು ಮೋಡ. ಈರಿ ಸರೋವರದ ಬೆಚ್ಚಗಿನ ನೀರಿನ ಮೇಲೆ ತಣ್ಣನೆಯ ಗಾಳಿ ಬೀಸಿ ನವೆಂಬರ್‌ನಿಂದಲೇ ಆಕಾಶ ಬೂದುಬಣ್ಣಕ್ಕೆ ತಿರುಗುತ್ತದೆ. ಹಿಮವೂ ಹಾಗೆಯೇ ಸರೋವರದಿಂದ ಬರುತ್ತದೆ, ಊರಿನ ಪೂರ್ವದ ಕಡೆ ಹೆಚ್ಚು, ಪಶ್ಚಿಮದ ಕಡೆ ಕಡಿಮೆ. ಮನೆ ಹುಡುಕುವಾಗ ಇದು ಲೆಕ್ಕಕ್ಕೆ ಬರುತ್ತದೆ.

ಮೊದಲ ವರ್ಷ ಬಾಡಿಗೆ ಮನೆ

ಹೋದ ತಕ್ಷಣ ಮನೆ ಕೊಳ್ಳಬೇಡಿ. ಒಂದು ವರ್ಷ ಬಾಡಿಗೆಗಿರಿ. ಇದು ನಿಮ್ಮ ಯಜಮಾನರಿಗೆ ಕಷ್ಟವಾಗಬಹುದು, ಸ್ವಂತ ಮನೆಯ ಆಸೆಯೇ ಅವರನ್ನು ಅತ್ತ ಎಳೆಯುತ್ತಿದೆ. ಆದರೂ ಒಂದು ಚಳಿಗಾಲ ಕಳೆಯದೆ ಯಾವ ಬಡಾವಣೆ ನಿಮಗೆ ಒಗ್ಗುತ್ತದೆ ಎಂದು ಹೇಳಲು ಬರುವುದಿಲ್ಲ.

ಸೋಲನ್, ವೆಸ್ಟ್‌ಲೇಕ್, ಸ್ಟ್ರಾಂಗ್ಸ್‌ವಿಲ್ ಮುಂತಾದ ಉಪನಗರಗಳನ್ನು ಭಾರತೀಯ ಪರಿಚಿತರು ಮೊದಲು ಹೇಳುತ್ತಾರೆ. ದೊಡ್ಡ ಮನೆ, ಒಳ್ಳೆಯ ಶಾಲೆ, ನಮ್ಮವರ ಸಂಖ್ಯೆಯೂ ಇದೆ. ಆದರೆ ಹಾಲು ತರಬೇಕಾದರೂ ಕಾರು ಬೇಕು. ಮೊದಲ ವರ್ಷ ಅಲ್ಲಿದ್ದರೆ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ನೀವು ಮನೆಯಲ್ಲಿ ಬಂದಿ. ಊರು ಬದಲಾದದ್ದಕ್ಕಿಂತ ಈ ಬಂಧನವೇ ಹೆಣ್ಣುಮಕ್ಕಳನ್ನು ಹೆಚ್ಚು ಕುಗ್ಗಿಸುತ್ತದೆ.

ನೀವು ಮೊದಲು ನೋಡಬೇಕಾದದ್ದು ಕಾಲ್ನಡಿಗೆಯ ಬಡಾವಣೆಗಳನ್ನು. ಪಶ್ಚಿಮದಲ್ಲಿ ಲೇಕ್‌ವುಡ್ ಇದೆ. ಒತ್ತೊತ್ತಾಗಿ ಮನೆಗಳು, ಮುಖ್ಯರಸ್ತೆಯುದ್ದಕ್ಕೂ ಅಂಗಡಿ, ಗ್ರಂಥಾಲಯ, ಮಕ್ಕಳು ನಡೆದು ಹೋಗುವಷ್ಟು ಹತ್ತಿರದ ಶಾಲೆಗಳು. ಪೂರ್ವದಲ್ಲಿ ಕ್ಲೀವ್‌ಲ್ಯಾಂಡ್ ಹೈಟ್ಸ್ ಮತ್ತು ಶೇಕರ್ ಹೈಟ್ಸ್. ಶೇಕರ್ ಹೈಟ್ಸ್‌ನಿಂದ ಊರಿನ ನಡುವಿಗೆ ನೇರವಾಗಿ ರೈಲಿದೆ. ನೀಲಿ, ಹಸಿರು ಎಂದು ಎರಡು ಮಾರ್ಗ. ದೊಡ್ಡ ಆಸ್ಪತ್ರೆಗಳೂ ವಿಶ್ವವಿದ್ಯಾಲಯವೂ ಇರುವ ಯೂಕ್ಲಿಡ್ ಅವೆನ್ಯೂವಿನ ಉದ್ದಕ್ಕೆ 2008ರಿಂದ ಹೆಲ್ತ್‌ಲೈನ್ ಬಸ್ಸು ಓಡುತ್ತದೆ. ವಿಮಾನ ನಿಲ್ದಾಣಕ್ಕೆ 1968ರಿಂದಲೂ ರೈಲಿದೆ. ಏಳನೇ ನಂಬರ್ ರೈಲಿನ ಹಾಗೆ ಎರಡು ಮೂರು ನಿಮಿಷಕ್ಕೊಂದು ಬರುವುದಿಲ್ಲ, ವೇಳೆ ನೋಡಿಕೊಂಡು ಮನೆ ಬಿಡಬೇಕು. ಆದರೂ ಕಾರಿಗಾಗಿ ಯಾರನ್ನೂ ಕಾಯದೆ ಹೊರಗೆ ಹೋಗಿ ಬರುವಷ್ಟು ಸ್ವಾತಂತ್ರ್ಯ ಮೊದಲ ದಿನದಿಂದಲೇ ನಿಮ್ಮದಾಗಿರುತ್ತದೆ.

“ಪೂರ್ವದ ಕಡೆ ಹೋಗಬೇಡಿ, ಸೇಫ್ ಅಲ್ಲ” ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಅರ್ಧ ಊರನ್ನು ಹಾಗೆ ಒಂದೇ ಮಾತಿನಲ್ಲಿ ತಳ್ಳಿಹಾಕುವುದಕ್ಕೆ ಹಿಂದಿನ ಕಥೆಯಿದೆ. 1930ರ ದಶಕದಲ್ಲಿ ಸರ್ಕಾರಿ ನಕ್ಷೆಗಳಲ್ಲಿ ಕಪ್ಪು ಜನ ವಾಸಿಸುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದರು. ಅಂಥ ಕಡೆ ಬ್ಯಾಂಕುಗಳು ಸಾಲ ಕೊಡಲಿಲ್ಲ. ಸಾಲವಿಲ್ಲದ ಕಡೆ ಮನೆಗಳು ಹಾಳಾದವು. ಅದೇ ಪೂರ್ವದ ಕಡೆಯ ಲಡ್ಲೋ ಎಂಬ ಬಡಾವಣೆಯಲ್ಲಿ 1957ರಲ್ಲಿ ಕಪ್ಪು, ಬಿಳಿ ಎರಡೂ ಕುಟುಂಬಗಳು ಸೇರಿ ಸಂಘ ಕಟ್ಟಿ, ಯಾರೂ ಹೆದರಿ ಮನೆ ಮಾರಿ ಓಡಬಾರದು ಎಂದು ನಿಂತವು. ಶೇಕರ್ ಹೈಟ್ಸ್ ಇವತ್ತು ಎಲ್ಲ ಬಣ್ಣದವರೂ ಬಾಳುವ ಊರಾಗಿರುವುದಕ್ಕೆ ಅಂಥವರ ಹಟವೂ ಕಾರಣ. ಬೀದಿ ಬೀದಿಗೂ ವ್ಯತ್ಯಾಸವಿರುತ್ತದೆ. ಶಾಲೆ ಬಿಡುವ ಹೊತ್ತಿಗೊಮ್ಮೆ, ಕತ್ತಲಾದ ಮೇಲೊಮ್ಮೆ ನೀವೇ ನಡೆದು ನೋಡಿ, ಅಲ್ಲಿ ವಾಸಿಸುವವರನ್ನು ಮಾತಾಡಿಸಿ. ಊರಿನ ಬಗ್ಗೆ ಊರಿನವರ ಮಾತಿಗೆ ಬೆಲೆ ಕೊಡಿ, ಇಪ್ಪತ್ತು ಮೈಲಿ ಆಚೆ ಕೂತು ಹೇಳುವವರ ಮಾತಿಗಲ್ಲ.

ಕೊಳ್ಳುವ ಕಾಲ ಬಂದಾಗ ನೆನಪಿರಲಿ, ಅಲ್ಲಿಯ ಎಷ್ಟೋ ಮನೆಗಳು ನೂರು ವರ್ಷ ಹಳೆಯವು. ಓಕ್ ಮರದ ಮೆಟ್ಟಿಲು, ಬಣ್ಣದ ಗಾಜು ನೋಡಿ ಮನಸೋಲುತ್ತೀರಿ. ನೀವು ಮೊದಲು ನೆಲಮಾಳಿಗೆಗೆ ಇಳಿಯಿರಿ. ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿ ಪುಡಿ ಕೂತಿದ್ದರೆ ನೀರು ಜಿನುಗುತ್ತಿದೆ ಎಂದರ್ಥ. ಹೊಸದಾಗಿ ಬಣ್ಣ ಬಳಿದ ನೆಲಮಾಳಿಗೆಯನ್ನು ಇನ್ನೂ ಹುಷಾರಾಗಿ ನೋಡಿ. ಗೋಡೆ ಒಳಕ್ಕೆ ಉಬ್ಬಿದೆಯೇ, ಫರ್ನೇಸ್ ಎಷ್ಟು ಹಳೆಯದು, ವೈರಿಂಗ್ ಬದಲಾಯಿಸಿದ್ದಾರೆಯೇ ಎಂದು ಕೇಳಿ. ಮನೆಯಿಂದ ರಸ್ತೆಗೆ ಹೋಗುವ ಮಣ್ಣಿನ ಚರಂಡಿ ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿ, ಮರದ ಬೇರು ನುಗ್ಗಿದ್ದರೆ ದುರಸ್ತಿಗೆ ದೊಡ್ಡ ಮೊತ್ತ ಬೀಳುತ್ತದೆ. 1978ಕ್ಕೂ ಮುಂಚಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು, ಪರೀಕ್ಷೆ ಮಾಡಿಸಿ. ಬಾಡಿಗೆ ಮನೆಗೂ ಈ ಮಾತು ಅನ್ವಯಿಸುತ್ತದೆ. ಕ್ಲೀವ್‌ಲ್ಯಾಂಡ್ ಇರುವ ಒಹಾಯೋ ರಾಜ್ಯದಲ್ಲಿ ನೆಲದಿಂದ ರೇಡಾನ್ ಅನಿಲ ಬರುವುದೂ ಸಾಮಾನ್ಯ, ಅದರ ಪರೀಕ್ಷೆ ಅಗ್ಗದ್ದು.

ತೆರಿಗೆಯ ಲೆಕ್ಕವನ್ನೂ ಮೊದಲೇ ಹಾಕಿ. ಅಲ್ಲಿ ನಗರಗಳು ಸಂಬಳದ ಮೇಲೆ ತಮ್ಮದೇ ತೆರಿಗೆ ಹಾಕುತ್ತವೆ. ಕ್ಲೀವ್‌ಲ್ಯಾಂಡ್‌ನಲ್ಲಿ ಅದು ನೂರಕ್ಕೆ 2.5. ಕೆಲಸದ ಊರಿಗೆ ಮೊದಲು ಕಟ್ಟಬೇಕು, ವಾಸದ ಊರೂ ಕೇಳುತ್ತದೆ. ಕೆಲಸದ ಊರಿಗೆ ಕಟ್ಟಿದ್ದನ್ನು ವಾಸದ ಊರು ಎಷ್ಟು ಕಳೆದುಕೊಡುತ್ತದೆ ಎಂಬುದು ಒಂದೊಂದು ಉಪನಗರದಲ್ಲಿ ಒಂದೊಂದು ರೀತಿ. ಜೊತೆಗೆ ಮನೆಯ ಮೇಲಿನ ತೆರಿಗೆಯೂ ಭಾರಿ. ಲೆಕ್ಕಪತ್ರ ನಿಮ್ಮ ಕಸುಬು. ಈ ಲೆಕ್ಕವನ್ನು ಕಾಗದದ ಮೇಲೆ ನೀವೇ ಹಾಕಿ ಯಜಮಾನರ ಮುಂದಿಡಿ. “ನಾಲ್ಕು ಕಾಸು ಉಳಿಯುತ್ತದೆ” ಎಂಬುದು ಎಷ್ಟು ಕಾಸು ಎಂದು ಇಬ್ಬರಿಗೂ ಗೊತ್ತಾಗಲಿ.

ಕಾರು, ಕೆಲಸ, ಹಾಡು

ಕಾರು ಕಲಿಯಿರಿ. ಇದರಲ್ಲಿ ರಿಯಾಯಿತಿ ಇಲ್ಲ. ಕಾಲ್ನಡಿಗೆಯ ಬಡಾವಣೆಯಲ್ಲಿದ್ದರೂ ಪಾರ್ಮಾದ ಶಿವ-ವಿಷ್ಣು ದೇವಸ್ಥಾನಕ್ಕೆ, ಮಗಳ ತರಗತಿಗಳಿಗೆ, ರಾತ್ರಿ ಹೊತ್ತಿನ ಆಸ್ಪತ್ರೆಗೆ ಕಾರು ಬೇಕಾಗುತ್ತದೆ. ಸಾಧ್ಯವಾದರೆ ನ್ಯೂಯಾರ್ಕಿನಲ್ಲಿರುವಾಗಲೇ ಕಲಿತು ಲೈಸೆನ್ಸ್ ಪಡೆದುಬಿಡಿ, ಅಲ್ಲಿ ಬದಲಾಯಿಸಿಕೊಳ್ಳುವುದು ಸುಲಭ. ಆಗದಿದ್ದರೆ ಒಹಾಯೋದಲ್ಲಿ ಲಿಖಿತ ಪರೀಕ್ಷೆ ಬರೆದು, ರಸ್ತೆಯ ಮೇಲೆ ಓಡಿಸಿ ತೋರಿಸಬೇಕು. ಜೊತೆಗೆ ನಿಲ್ಲಿಸಿದ ಕೋನ್‌ಗಳ ನಡುವೆ ಕಾರನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿ ತೋರಿಸುವ ಪರೀಕ್ಷೆಯೂ ಇರುತ್ತದೆ. ಯಜಮಾನರಿಂದ ಕಲಿಯಬೇಡಿ, ದುಡ್ಡು ಕೊಟ್ಟು ತರಬೇತಿಯವರ ಬಳಿ ಕಲಿಯಿರಿ. ದಾಂಪತ್ಯಕ್ಕೂ ಒಳ್ಳೆಯದು, ಕೈಗೂ ಬೇಗ ಹತ್ತುತ್ತದೆ. ಜೂನ್ ತಿಂಗಳಲ್ಲಿ ಊರು ಬದಲಾಯಿಸಿದರೆ ಹಿಮ ಬೀಳುವ ಮೊದಲು ಐದು ತಿಂಗಳು ರಸ್ತೆಗಳ ಪರಿಚಯವಾಗುತ್ತದೆ, ಮಗಳೂ ಶಾಲೆಯ ವರ್ಷದ ಆರಂಭಕ್ಕೇ ಸೇರಬಹುದು.

ಕೆಲಸಕ್ಕೆ ರಾಜೀನಾಮೆ ಬರೆಯುವ ಮೊದಲು ನಿಮ್ಮ ಕಂಪನಿಯವರನ್ನು ಕೇಳಿ: ಮನೆಯಿಂದಲೇ ಮಾಡುತ್ತೇನೆ, ಅರ್ಧ ಹೊತ್ತಾದರೂ ಸರಿ, ಒಪ್ಪುತ್ತೀರಾ? ಇಷ್ಟು ವರ್ಷ ಲೆಕ್ಕ ನಂಬಿ ಕೊಟ್ಟವರು ಹಾಗೆಯೇ ಬಿಟ್ಟುಬಿಡಲಾರರು. ಒಪ್ಪಿದರೆ ಒಂದು ವಿಷಯ ನೋಡಿಕೊಳ್ಳಿ. ನ್ಯೂಯಾರ್ಕಿನ ಕಂಪನಿಗೆ ಬೇರೆ ರಾಜ್ಯದ ಮನೆಯಿಂದ ಕೆಲಸ ಮಾಡಿದರೂ, ಅದು ಕಂಪನಿಯ ಅಗತ್ಯಕ್ಕಲ್ಲದೆ ನಿಮ್ಮ ಅನುಕೂಲಕ್ಕಾದರೆ, ನ್ಯೂಯಾರ್ಕ್ ರಾಜ್ಯ ಆ ಸಂಬಳದ ಮೇಲೆ ತೆರಿಗೆ ಕೇಳುತ್ತದೆ. ಮೊದಲೇ ತಿಳಿದವರನ್ನು ವಿಚಾರಿಸಿ. ಒಪ್ಪದಿದ್ದರೆ ಹೊರಡುವ ಮೊದಲೇ ಅಲ್ಲಿ ಅರ್ಜಿ ಹಾಕಲು ಶುರುಮಾಡಿ. ಆಸ್ಪತ್ರೆ, ಕಾಲೇಜು, ಸಣ್ಣ ಕಂಪನಿ ಎಲ್ಲ ಕಡೆಯೂ ಲೆಕ್ಕ ಬಲ್ಲವರು ಬೇಕು. ನಿಮ್ಮ ಹೆಸರಿನಲ್ಲಿ ಸ್ವಲ್ಪವಾದರೂ ಸಂಪಾದನೆ ಇರುವುದು ಈ ಬದಲಾವಣೆಯಲ್ಲಿ ನಿಮ್ಮ ಬೆನ್ನುಮೂಳೆ.

ಈಗ ನಿಮ್ಮ ಪತ್ರದ ಒಂದು ಸಾಲಿಗೆ ಬರುತ್ತೇನೆ. ಸೀನಿಯರ್ ಪಾಸು ಮಾಡಿದ್ದೆ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿರಿ. ನಾನು ಅಲ್ಲಿಯೇ ನಿಂತೆ. ಕರ್ನಾಟಕ ಸಂಗೀತ ಬಲ್ಲವರಿಗೆ ಕ್ಲೀವ್‌ಲ್ಯಾಂಡ್ ಅಪರಿಚಿತ ಹೆಸರಲ್ಲ. 1978ರಿಂದ ಅಲ್ಲಿ ತ್ಯಾಗರಾಜ ಆರಾಧನೆ ನಡೆದುಕೊಂಡು ಬಂದಿದೆ. ಈಸ್ಟರ್ ಹಬ್ಬದ ಆಸುಪಾಸಿನಲ್ಲಿ ಹತ್ತು ದಿನಕ್ಕೂ ಮೀರಿ ನಡೆಯುವ ಈ ಉತ್ಸವಕ್ಕೆ ಭಾರತದ ಹೆಸರಾಂತ ವಿದ್ವಾಂಸರು ಬರುತ್ತಾರೆ. ಪಂಚರತ್ನ ಕೃತಿಗಳ ಗೋಷ್ಠಿಗಾಯನಕ್ಕೆ ಅಮೆರಿಕದ ಮೂಲೆಮೂಲೆಯಿಂದ ಜನ ಸೇರುತ್ತಾರೆ, ಮಕ್ಕಳಿಗೆ ಸ್ಪರ್ಧೆಗಳಿರುತ್ತವೆ. ಭಾರತದ ಹೊರಗೆ ಕರ್ನಾಟಕ ಸಂಗೀತಕ್ಕೆ ಇಷ್ಟು ದೊಡ್ಡ ಜಾತ್ರೆ ಇನ್ನೊಂದಿಲ್ಲ ಎನ್ನಬಹುದು, ಮತ್ತು ಅದು ನಡೆಯುವುದು ಸ್ವಯಂಸೇವಕರ ಬಲದಿಂದ.

ನೀವು ಹೋಗಲು ಹೆದರುತ್ತಿರುವ ಊರು ಅದೇ. ಅಲ್ಲಿಗೆ ಹೋಗುವ ಮೊದಲೇ ಆರಾಧನೆ ನಡೆಸುವವರಿಗೆ “ನಾನು ಬರುತ್ತಿದ್ದೇನೆ, ಏನಾದರೂ ಕೆಲಸ ಕೊಡಿ” ಎಂದು ಬರೆಯಿರಿ. ಬಾಗಿಲಲ್ಲಿ ಚೀಟಿ ಹರಿಯುವ ಕೆಲಸವಾದರೂ ಸರಿ. ಕೇಳುಗರಾಗಿ ಹೋದರೆ ಕಚೇರಿ ಮುಗಿದ ಮೇಲೆ ಮನೆಗೆ ಬರುತ್ತೀರಿ, ಕೆಲಸಕ್ಕೆ ಸೇರಿದರೆ ಸ್ನೇಹಿತರ ಜೊತೆ ಬರುತ್ತೀರಿ. ಬೆಳಿಗ್ಗೆ ಅರ್ಧ ಗಂಟೆ ಶ್ರುತಿಪೆಟ್ಟಿಗೆ ಹಾಕಿಕೊಂಡು ಸರಳೆ ವರಸೆಯಿಂದ ಮತ್ತೆ ಶುರುಮಾಡಿ. ಕ್ವೀನ್ಸ್‌ನ ಓಡಾಟದಲ್ಲಿ ಆಗದೇ ಉಳಿದದ್ದಕ್ಕೆ ಅಲ್ಲಿ ಹೊತ್ತು ಸಿಗುತ್ತದೆ. ಅಕ್ಕಪಕ್ಕದ ಮಕ್ಕಳಿಗೆ ಪುರಂದರದಾಸರ ಪಿಳ್ಳಾರಿ ಗೀತೆ ಹೇಳಿಕೊಡಲು ನಿಮ್ಮ ಸೀನಿಯರ್ ಪಾಠ ಧಾರಾಳವಾಯಿತು. ಮನೆಗೆ ನಾಲ್ಕು ಮಕ್ಕಳು ಬಂದರೆ ಅವರ ತಾಯಂದಿರೂ ಬರುತ್ತಾರೆ.

ಕನ್ನಡದ ಬಳಗವೂ ದೂರವಿಲ್ಲ. ಆ ಭಾಗದಲ್ಲಿ ಕನ್ನಡಿಗರ ಕೂಟವಿದೆ. ಡೆಟ್ರಾಯ್ಟ್‌ನಲ್ಲಿ ಪಂಪ ಕನ್ನಡ ಕೂಟ, ಶಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟ ದಶಕಗಳಿಂದ ನಡೆಯುತ್ತಿವೆ. ಆದರೆ ನಮ್ಮವರ ಜೊತೆ ಮಾತ್ರ ಇದ್ದುಬಿಡಬೇಡಿ. ಜ್ಯಾಕ್ಸನ್ ಹೈಟ್ಸ್‌ನಲ್ಲಿ ನಿಮ್ಮನ್ನು ಕಾಪಾಡಿದ್ದು ಬಾಂಗ್ಲಾ ಅಕ್ಕ. ಶನಿವಾರ ಬೆಳಿಗ್ಗೆ ವೆಸ್ಟ್ ಸೈಡ್ ಮಾರ್ಕೆಟ್‌ಗೆ ಹೋಗಿ. 1912ರಲ್ಲಿ ತೆರೆದ ಸಂತೆಕಟ್ಟೆ ಅದು: ಮೇಲೆ ಎತ್ತರದ ಹೆಂಚಿನ ಕಮಾನು, ಹೊರಗೆ ಗಡಿಯಾರದ ಗೋಪುರ, ಪಕ್ಕದ ಸಾಲಿನಲ್ಲಿ ತರಕಾರಿ ಹಣ್ಣಿನ ಮಳಿಗೆಗಳು. ಪೋಲೆಂಡ್, ಹಂಗೇರಿಯಿಂದ ಬಂದ ಕುಟುಂಬಗಳ ಅಡುಗೆ ಇನ್ನೂ ಅಲ್ಲಿ ಸಿಗುತ್ತದೆ. ಆಲೂಗಡ್ಡೆ ತುಂಬಿದ ಪಿಯರೋಗಿ ನೋಡಿದರೆ ನಮ್ಮ ಕರ್ಜಿಕಾಯಿಯ ಆಕಾರವೇ. ಎರಡು ಮೂರು ವಾರ ಒಂದೇ ಅಂಗಡಿಯಲ್ಲಿ ಕೊಂಡರೆ ನಾಲ್ಕನೇ ವಾರ ಅಂಗಡಿಯವರೇ ಮಾತಾಡಿಸುತ್ತಾರೆ. ಅವರ ಅಜ್ಜ ಅಜ್ಜಿಯರೂ ಒಂದು ಊರು ಬಿಟ್ಟು ಅಲ್ಲಿಗೆ ಬಂದವರೇ.

ಒಂದನ್ನು ಮಾತ್ರ ನಿರೀಕ್ಷಿಸಿಕೊಂಡು ಹೋಗಿ. ಸಣ್ಣ ಬಳಗದಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತಾಗುತ್ತದೆ. ಎರಡು ಸಲ ಕೂಟಕ್ಕೆ ಹೋಗದಿದ್ದರೆ ಫೋನ್ ಬರುತ್ತದೆ. ನ್ಯೂಯಾರ್ಕಿನಲ್ಲಿ ಯಾರೂ ಗಮನಿಸುವುದಿಲ್ಲ ಎಂಬ ನೆಮ್ಮದಿ ಅಲ್ಲಿಲ್ಲ. ಮೈಸೂರಿನಲ್ಲಿ ಬೆಳೆದ ನಿಮಗೆ ಇದು ಹೊಸದಲ್ಲ. ಆ ಫೋನು ಕೆಲವೊಮ್ಮೆ ಕಿರಿಕಿರಿಯೆನಿಸಿದರೂ ಜ್ವರ ಬಂದ ದಿನ ಸಾರನ್ನ ತರುವವರೂ ಅವರೇ.

ಮಗಳ ಮಾತು, ಗಂಡನ ಜೊತೆ ಮಾತು

ಹನ್ನೊಂದರ ಮಗುವಿಗೆ ಗೆಳತಿಯರೇ ಜಗತ್ತು. “ಅಲ್ಲಿ ಹೊಸ ಫ್ರೆಂಡ್ಸ್ ಸಿಗ್ತಾರೆ ಬಿಡು” ಎಂದು ಹೇಳಬೇಡಿ, ಅವಳ ದುಃಖ ಸಣ್ಣದು ಎಂದಂತಾಗುತ್ತದೆ. “ನನಗೂ ಅಕ್ಕನನ್ನು ಬಿಟ್ಟುಹೋಗುವುದು ಕಷ್ಟ” ಎಂದು ನಿಮ್ಮ ಸಂಕಟವನ್ನು ಅವಳಿಗೆ ತಿಳಿಯುವಷ್ಟು ಹೇಳಿ. ತನ್ನ ಕೋಣೆ, ಶಾಲೆ, ಬಡಾವಣೆಯ ಬಗ್ಗೆ ಅವಳ ಅಭಿಪ್ರಾಯ ಕೇಳಿ, ಒಂದು ವಿಷಯದಲ್ಲಾದರೂ ಅವಳ ಮಾತು ನಡೆಯಲಿ. ಅವಳ ಗೆಳತಿಯೊಬ್ಬಳನ್ನು ರಜೆಗೆ ಕರೆಸುವುದಾಗಿ ದಿನಾಂಕ ಹಾಕಿ ಹೇಳಿ, ಹೇಳಿದ ಮೇಲೆ ನಡೆಸಿಕೊಡಿ. ರಸ್ತೆಯಲ್ಲಿ ಸುಮಾರು 460 ಮೈಲಿ, ವಿಮಾನದಲ್ಲಿ ಎರಡು ಗಂಟೆಯೊಳಗೆ. ರಜೆಗೊಮ್ಮೆ ಹೋಗಿ ಬರುವಷ್ಟು ಹತ್ತಿರವೇ.

ಯಜಮಾನರ ಜೊತೆ ಮಾತು ಇನ್ನೂ ಮುಗಿದಿಲ್ಲ, ಅದನ್ನು ಮುಗಿಸಿಯೇ ಹೊರಡಬೇಕು. ಅವರನ್ನು ದೂರುವ ಹಾಗೆ ಶುರುಮಾಡಬೇಡಿ. ಹದಿಮೂರು ವರ್ಷ ಬಾಡಿಗೆ ಕಟ್ಟಿದವರಿಗೆ ಸ್ವಂತ ಸೂರು ಬೇಕೆನಿಸುವುದು ಸಹಜ. ಹೀಗೆ ಹೇಳಿನೋಡಿ: “ನಾನು ಬರಲು ಸಿದ್ಧ. ಆದರೆ ನಾನೂ ತೀರ್ಮಾನ ಮಾಡಿ ಬರಬೇಕು. ನೀವು ಮೊದಲೇ ತೀರ್ಮಾನ ಮಾಡಿ ನನಗೆ ತಿಳಿಸಿದ ಹಾಗೆ ಆಗಬಾರದು.” ಆಮೇಲೆ ನಿಮ್ಮ ಷರತ್ತುಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಒಂದು ವರ್ಷ ಬಾಡಿಗೆ ಮನೆ, ಕಾಲ್ನಡಿಗೆಯ ಬಡಾವಣೆಯಲ್ಲಿ. ಕಾರು ತರಬೇತಿಗೆ ದುಡ್ಡು. ನಿಮ್ಮ ಕೆಲಸಕ್ಕೆ ಅವರ ಕೆಲಸದಷ್ಟೇ ಮರ್ಯಾದೆ. ಎರಡು ಚಳಿಗಾಲ ಕಳೆದ ಮೇಲೆ ಮತ್ತೆ ಕೂತು ಮಾತು. ಆಗ ನೀವು “ಆಗಲಿಲ್ಲ” ಎಂದರೆ ಅದನ್ನು ಸೋಲು ಎನ್ನದೆ ಮುಂದಿನ ದಾರಿ ಹುಡುಕುವುದು. ಅವರ ಷರತ್ತುಗಳೂ ಅದೇ ಹಾಳೆಯಲ್ಲಿರಲಿ. ನೀವು ಮಾತುಮಾತಿಗೆ “ನ್ಯೂಯಾರ್ಕಿನಲ್ಲಾಗಿದ್ದರೆ” ಎನ್ನಬಾರದು ಎಂದು ಅವರು ಬರೆದರೆ ಅದನ್ನೂ ಒಪ್ಪಿಕೊಳ್ಳಿ.

ಅವರೊಬ್ಬರೇ ಹೋಗುವ ವಿಷಯ. ಮಗಳ ಶಾಲೆಯ ವರ್ಷ ಮುಗಿಯುವವರೆಗೆ ಮಾತ್ರವಾದರೆ ಸರಿ, ನೀವು ಹೋಗುವ ದಿನಾಂಕ ಮೊದಲೇ ಗೊತ್ತಾಗಿರಬೇಕು. “ನೋಡೋಣ” ಎಂದು ಬೇರೆಬೇರೆ ಇದ್ದರೆ ಎರಡು ಬಾಡಿಗೆ, ಎರಡು ಅಡುಗೆ, ಕೊನೆಗೆ ಎರಡು ಬದುಕು ಅಭ್ಯಾಸವಾಗಿಬಿಡುತ್ತವೆ.

ಒಂದು ಎಚ್ಚರಿಕೆ. ಹೋದ ಮೊದಲ ಕೆಲವು ತಿಂಗಳು ಅಳು ಬರುತ್ತದೆ, ಅದು ಸಹಜ. ಆದರೆ ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು ಕೆಟ್ಟರೆ, ಹಾಸಿಗೆಯಿಂದ ಏಳುವುದೇ ಬೇಡ ಅನ್ನಿಸಿದರೆ, ಬೇಕಾದವರ ಫೋನು ತೆಗೆಯಲೂ ಮನಸ್ಸಾಗದಿದ್ದರೆ ವೈದ್ಯರನ್ನು ಕಾಣಿ. ಬಿಸಿಲು ಕಡಿಮೆಯಿರುವ ಚಳಿಗಾಲದಲ್ಲಿ ಬರುವ ಖಿನ್ನತೆಗೆ ಚಿಕಿತ್ಸೆಯಿದೆ. ಬೆಳಗಿನ ಹೊತ್ತು ಪ್ರಖರ ದೀಪದ ಮುಂದೆ ಕೂರಿಸುವುದೂ ಅದರಲ್ಲೊಂದು. ಬದುಕೇ ಬೇಡ ಅನ್ನಿಸುವ ಗಳಿಗೆ ಬಂದರೆ ಅಮೆರಿಕದಲ್ಲಿ ಎಲ್ಲಿಂದಲಾದರೂ 988ಕ್ಕೆ ಕರೆ ಮಾಡಿ, ಹಗಲು ರಾತ್ರಿ ಮಾತಾಡುವವರಿರುತ್ತಾರೆ. ಯಜಮಾನರಿಗೂ ಈ ಲಕ್ಷಣಗಳನ್ನು ಹೇಳಿಟ್ಟಿರಿ, ಅವರೂ ಗಮನಿಸಲಿ.

ಮೊದಲಿನಿಂದ ಶುರುಮಾಡುವ ತಾಕತ್ತಿಲ್ಲ ಎಂದು ಬರೆದಿದ್ದೀರಿ. ಈ ಸಲ ನೀವು ಮೊದಲಿನಿಂದ ಶುರುಮಾಡುತ್ತಿಲ್ಲ. ಹದಿಮೂರು ವರ್ಷದ ಹಿಂದೆ ಬಂದಾಗ ಈ ದೇಶದ ಭಾಷೆ, ಬ್ಯಾಂಕು, ಶಾಲೆ, ಆಸ್ಪತ್ರೆ ಯಾವುದೂ ಗೊತ್ತಿರಲಿಲ್ಲ. ಈಗ ಅವೆಲ್ಲ ಗೊತ್ತು, ಕೈಯಲ್ಲಿ ಕಸುಬಿದೆ, ಕೊರಳಲ್ಲಿ ಹಾಡಿದೆ.

ನನ್ನ ಉತ್ತರ ಇದು. ಷರತ್ತುಗಳಿಗೆ ಯಜಮಾನರು ಒಪ್ಪಿದರೆ ಹೋಗಿ. ಒಪ್ಪದಿದ್ದರೆ ಮಾತು ಮುಗಿಯುವವರೆಗೆ ಮನೆ ಖಾಲಿ ಮಾಡಬೇಡಿ. ಯಾವುದಕ್ಕೂ ಮುಂಚೆ ಮೂವರೂ ಹೋಗಿ ಮೂರು ದಿನ ಇದ್ದು ಬನ್ನಿ. ಅದೂ ವಸಂತದಲ್ಲಲ್ಲ, ಫೆಬ್ರವರಿಯಲ್ಲಿ. ಅತಿ ಕೆಟ್ಟ ದಿನಗಳಲ್ಲಿ ನೋಡಿ ಒಪ್ಪಿದ ಊರು ಆಮೇಲೆ ಮೋಸ ಮಾಡುವುದಿಲ್ಲ. ಆ ಮೂರು ದಿನದಲ್ಲಿ ಒಂದು ದಿನ ಕಾರು ಬಾಡಿಗೆಗೆ ತೆಗೆದುಕೊಳ್ಳದೆ ಬಸ್ಸು ರೈಲಿನಲ್ಲೇ ಓಡಾಡಿ. ನೀವು ಮುಂದೆ ನಡೆಯಿರಿ, ಯಜಮಾನರು ನಿಮ್ಮ ಹಿಂದೆ ಬರಲಿ. ನಿಮ್ಮ ದಿನ ಅಲ್ಲಿ ಹೇಗೆ ಕಳೆಯುತ್ತದೆ ಎಂಬುದು ಅವರಿಗೂ ಆಗಲೇ ಗೊತ್ತಾಗಲಿ.